ನಿನ್ನೆಯ ಕ್ರಯ, ನಾಳೆಯ ಕ್ರಯ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಉಪ್ಪಿನಂಗಡಿಯನ್ನು ದಾಟಿ, ಶಿರಾಡಿ ಘಾಟಿಯನ್ನು ಹತ್ತುವ ಮೊದಲು ಸಿಗುವ ಊರು ನೆಲ್ಯಾಡಿ. ಬಸ್ಸಿನಲ್ಲಿ ಹೋಗುವವರಿಗೆ ಅದು ಕಣ್ಣಿಗೆ ಬಿದ್ದು ಮರೆಯಾಗುವ ಒಂದು ಪೇಟೆ. ನಮಗೆ ಅದು ಮನೆ. ಹಿಂದೆ ಪುತ್ತೂರು ತಾಲೂಕಿಗೆ ಸೇರಿತ್ತು, ಈಗ ಕಡಬ ತಾಲೂಕಿನಲ್ಲಿದೆ. ತಗ್ಗಿನಲ್ಲಿ ಅಡಿಕೆ, ಗುಡ್ಡದಲ್ಲಿ ರಬ್ಬರು, ಅಡಿಕೆಮರಕ್ಕೆ ಹಬ್ಬಿದ ಕರಿಮೆಣಸು, ಇವೇ ಇಲ್ಲಿಯ ಸಂಪತ್ತು. ತುಳು, ಕನ್ನಡ, ಮಲೆಯಾಳ ಮೂರೂ ಭಾಷೆಗಳು ಇಲ್ಲಿ ನಡೆಯುತ್ತವೆ. ಆದರೆ ಮೂರರಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: “ಇವತ್ತು ಕ್ರಯ ಎಷ್ಟು?”

ಆ ಪ್ರಶ್ನೆಯ ಉತ್ತರವನ್ನು ಬರೆದಿಡುವುದು ನಮ್ಮ ಮನೆಯ ಹಳೆಯ ಅಭ್ಯಾಸ. ತಂದೆಯವರು 1954ರಲ್ಲಿ ಆರಂಭಿಸಿದ ಉದ್ದನೆಯ ಲೆಕ್ಕದ ಪುಸ್ತಕವೊಂದು ಈಗಲೂ ನನ್ನ ಮೇಜಿನ ಮೇಲಿದೆ. ಮೊದಲ ಪುಟಗಳಲ್ಲಿ ಹಣವೆಲ್ಲ ರೂಪಾಯಿ, ಆಣೆ, ಪೈ. ತೂಕವೆಲ್ಲ ಮಣ, ರಾತಲು. ಜಿಲ್ಲೆ ಆಗ ಮದರಾಸಿಗೆ ಸೇರಿದ್ದಿತು. 1956ರ ನವೆಂಬರದಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂತು. ಅರುವತ್ತರ ದಶಕದ ಆದಿಯಲ್ಲಿ ಕಿಲೋ ಬಂತು. ಸರಕಾರಗಳೂ ನಾಣ್ಯಗಳೂ ಬದಲಾದವು. ಎಡಗಡೆಯಲ್ಲಿ ತಾರೀಕು, ನಡುವೆ ಕ್ರಯ, ಬಲಗಡೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಏನಾದರೊಂದು ಟಿಪ್ಪಣಿ ಎಂಬ ತಂದೆಯವರ ಕ್ರಮ ಮಾತ್ರ ಬದಲಾಗಲಿಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗ ಮನೆಗೆ ಬಂದ. ಓದಿದವನು, ಬುದ್ಧಿವಂತ, ದುಡಿಮೆಗೆ ಹಿಂಜರಿಯದವನು. ಅಡಿಕೆ ಮಾರಿ ಬಂದ ಹಣದಲ್ಲಿ ಸ್ವಲ್ಪವನ್ನು ಎರಡು ವರ್ಷಗಳಿಂದ ಷೇರುಪೇಟೆಯ ಆಪ್ಷನ್ ವ್ಯಾಪಾರದಲ್ಲಿ ತೊಡಗಿಸಿದ್ದನಂತೆ. ಈಗ ತೋಟವನ್ನು ಅಡವಿಟ್ಟು ದೊಡ್ಡ ಸಾಲ ಮಾಡುವ ವಿಚಾರ. ಅದಕ್ಕೆ ನನ್ನ ಜಾಮೀನು ಬೇಕು. ಫೋನನ್ನು ತೆರೆದು ತೋರಿಸಿದ. ಕೆಂಪು, ಹಸುರು ಬಣ್ಣದ ಮೋಂಬತ್ತಿಗಳಂಥ ಗೆರೆಗಳು ಸಾಲುಗಟ್ಟಿ ನಿಂತಿದ್ದವು. “ಹಿಂದಿನ ಕ್ರಯಗಳ ನಡಿಗೆಯನ್ನು ಓದಲು ಕಲಿತರೆ ಮುಂದಿನದು ಗೊತ್ತಾಗುತ್ತದೆ ಮಾವ,” ಎಂದ. ನಾನು ಮುಖ ಗಂಟಿಕ್ಕಿದುದನ್ನು ಕಂಡು ಮೇಜಿನ ಮೇಲಿನ ಪುಸ್ತಕದ ಕಡೆಗೆ ಕೈತೋರಿಸಿದ. “ಅಜ್ಜ ಮಾಡಿದ್ದನ್ನೇ ನಾನೂ ಮಾಡುವುದು. ಅವರು ಪುಸ್ತಕದಲ್ಲಿ ಬರೆದರು, ನಾನು ಫೋನಿನಲ್ಲಿ ನೋಡುತ್ತೇನೆ. ಅಷ್ಟೇ ವ್ಯತ್ಯಾಸ ಅಲ್ವಾ?”

ಉತ್ತರ ಥಟ್ಟನೆ ಹೊಳೆಯಲಿಲ್ಲ. ಹದಿನೈದು ದಿನ ಸಮಯ ಕೇಳಿದೆ. ಆ ದಿನಗಳಲ್ಲಿ ಓದಿದ್ದನ್ನೂ, ಓದದೆಯೇ ಬಲ್ಲದ್ದನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಆ ಮೋಂಬತ್ತಿಗಳ ತವರು ಜಪಾನು. ಅಲ್ಲಿಯ ಒಸಾಕಾ ನಗರದ ದೋಜಿಮಾ ಎಂಬಲ್ಲಿ ದೊಡ್ಡ ಅಕ್ಕಿಪೇಟೆಯೊಂದಿದ್ದಿತು. ಸಾಮಂತರು ತಮಗೆ ತೆರಿಗೆಯಾಗಿ ಬಂದ ಅಕ್ಕಿಯನ್ನು ಉಗ್ರಾಣದಲ್ಲಿಟ್ಟು, ಅದರ ಚೀಟಿಗಳನ್ನು ಮಾರುತ್ತಿದ್ದರು. ಚೀಟಿ ಕೈಯಿಂದ ಕೈಗೆ ಹೋಗುತ್ತ, ಅಕ್ಕಿಯನ್ನು ಕಣ್ಣಿನಿಂದ ಕಾಣದವರೂ ಅದರ ವ್ಯಾಪಾರ ಮಾಡುವಂತಾಯಿತು. 1730ರಲ್ಲಿ ಷೋಗುನರ ಸರಕಾರ ಈ ವಾಯಿದೆ ವ್ಯಾಪಾರಕ್ಕೆ ಮನ್ನಣೆ ಕೊಟ್ಟಿತು. ಸಕಾಟಾ ಎಂಬ ರೇವಿನ ಹೋಮ್ಮಾ ಮುನೆಹಿಸಾ (1724–1803) ಎಂಬ ವರ್ತಕ ಹಿಂದಿನ ಕ್ರಯಗಳನ್ನೂ ವರ್ತಕರ ಮನೋಧರ್ಮವನ್ನೂ ಅಭ್ಯಸಿಸಿ ಅಪಾರ ಸಂಪತ್ತು ಗಳಿಸಿದನೆಂದು ಪ್ರತೀತಿ. ಮೋಂಬತ್ತಿಯ ಚಿತ್ರವನ್ನು ಕಂಡುಹಿಡಿದವನೂ ಅವನೇ ಎನ್ನುವುದುಂಟು. ಆದರೆ ಅದು ಬಳಕೆಗೆ ಬಂದದ್ದು 1868ರ ಅನಂತರದ ಮೇಜಿ ಕಾಲದಲ್ಲಿ ಎಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಅದರ ಉಪಾಯವೇನೋ ಸೊಗಸಾದುದೇ. ದಿನದ ಮೊದಲ ಕ್ರಯ, ಕೊನೆಯ ಕ್ರಯ, ಅತಿ ಹೆಚ್ಚಿನದು, ಅತಿ ಕಡಮೆಯದು, ಈ ನಾಲ್ಕನ್ನೂ ಒಂದೇ ಗೆರೆಯಲ್ಲಿ ಅಡಗಿಸಿಬಿಡುತ್ತದೆ.

ಪಶ್ಚಿಮದಲ್ಲಿ ಇದೇ ವಿದ್ಯೆಗೆ ಆದಿಪುರುಷನೆನಿಸಿದವನು ಪತ್ರಿಕೆಯವನೇ. ನ್ಯೂಯಾರ್ಕಿನ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಸ್ಥಾಪಕರಲ್ಲೊಬ್ಬನಾದ ಚಾರ್ಲ್ಸ್ ಡೌ, 1896ರ ಮೇ 26ರಂದು ಹನ್ನೆರಡು ಕಂಪೆನಿಗಳ ಷೇರುಗಳ ಸರಾಸರಿಯನ್ನು ಪ್ರಕಟಿಸಿದ. ಇಂದಿಗೂ ಜಗತ್ತು ಆಲಿಸುವ ಡೌ ಜೋನ್ಸ್ ಸೂಚ್ಯಂಕ ಅದೇ. ಪೇಟೆಗೆ ಸಮುದ್ರದಂತೆ ಭರತವೂ ಇದೆ, ಅಲೆಯೂ ಇದೆ. ಅಲೆಯನ್ನು ಕಂಡು ಮೋಸಹೋಗದೆ ಭರತವನ್ನು ಗುರುತಿಸಬೇಕು ಎಂಬುದು ಅವನ ವಿಚಾರದ ಸಾರ. 1902ರಲ್ಲಿ ಅವನು ತೀರಿಕೊಂಡ ಮೇಲೆ ವಿಲಿಯಂ ಹ್ಯಾಮಿಲ್ಟನ್ ಎಂಬ ಸಂಪಾದಕ ಆ ವಿಚಾರವನ್ನು ಮುಂದುವರಿಸಿ, 1929ರವರೆಗೆ ಪೇಟೆಯ ಭವಿಷ್ಯವನ್ನು ಬರೆಯುತ್ತ ಬಂದ. ಆ ವರ್ಷದ ಮಹಾಕುಸಿತದ ನಡುವೆಯೇ, ಅಕ್ಟೋಬರ್ 25ರಂದು, ಭರತ ಇಳಿಯತೊಡಗಿದೆ ಎಂದು ಅವನು ಬರೆದ. ಅವನ ಕೀರ್ತಿ ಅದರಿಂದ ಹೆಚ್ಚಿತು.

ಆ ಕೀರ್ತಿಯನ್ನು ತಕ್ಕಡಿಗೆ ಹಾಕಿದವನು ಆಲ್ಫ್ರೆಡ್ ಕೌಲ್ಸ್. 1933ರಲ್ಲಿ ಪ್ರಕಟವಾದ ಅವನ ಲೇಖನದಲ್ಲಿ, ಹ್ಯಾಮಿಲ್ಟನ್ 1904ರಿಂದ 1929ರವರೆಗೆ ಪೇಟೆಯ ದಿಕ್ಕು ಬದಲಾಯಿತೆಂದು ಹೇಳಿದ 90 ಸಂದರ್ಭಗಳ ಲೆಕ್ಕವಿದೆ. ಸರಿಯಾದವು 45, ತಪ್ಪಾದವು 45. ನಾಣ್ಯ ಚಿಮ್ಮಿದರೂ ಇದಕ್ಕಿಂತ ಕಡಮೆ ಬರುತ್ತಿರಲಿಲ್ಲ! ಸುಮ್ಮನೆ ಷೇರುಗಳನ್ನು ಕೊಂಡು ಇಟ್ಟುಕೊಂಡಿದ್ದವನು ಅವನ ಮಾತು ಕೇಳಿದವನಿಗಿಂತ ಹೆಚ್ಚು ಗಳಿಸುತ್ತಿದ್ದ ಎಂದೂ ಕೌಲ್ಸ್ ತೋರಿಸಿದ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1998ರಲ್ಲಿ ಬ್ರೌನ್, ಗೊಯೆಟ್ಸ್‌ಮನ್, ಕುಮಾರ್ ಎಂಬ ಮೂವರು ವಿದ್ವಾಂಸರು ಅದೇ ಲೆಕ್ಕವನ್ನು ಮತ್ತೆ ತೆಗೆದರು. ಹ್ಯಾಮಿಲ್ಟನ್ ಎಷ್ಟೋ ಕಾಲ ಪೇಟೆಯಿಂದ ಹೊರಗಿದ್ದನಾದ್ದರಿಂದ ಅವನ ಅಪಾಯವೂ ಕಡಮೆಯಾಗಿತ್ತು. ಅದನ್ನು ಎಣಿಕೆಗೆ ತಂದರೆ ಅವನು ಅಷ್ಟೊಂದು ಸೋತವನಲ್ಲ ಎಂದು ತೀರ್ಮಾನಿಸಿದರು. ಸತ್ತವನ ಮೇಲಿನ ತೀರ್ಪೂ ಸುಮಾರು ಅರುವತ್ತೈದು ವರ್ಷಗಳ ಮೇಲೆ ಬದಲಾದೀತು ಎಂಬುದನ್ನು ನಾವು ನೆನಪಿಡುವುದು ಒಳ್ಳೆಯದು.

ನಾಣ್ಯದ ಮಾತು ಬಂದುದರಿಂದ ಇನ್ನೊಂದು ದಾರಿಯ ಚರಿತ್ರೆಯನ್ನೂ ಹೇಳಬೇಕು. 1900ರಲ್ಲಿ ಪ್ಯಾರಿಸಿನ ವಿಶ್ವವಿದ್ಯಾಲಯಕ್ಕೆ ಲೂಯಿ ಬಶೆಲಿಯೆ ಎಂಬ ತರುಣ ಸಟ್ಟಾವ್ಯಾಪಾರದ ಗಣಿತವನ್ನು ಕುರಿತು ಪ್ರಬಂಧವೊಂದನ್ನು ಒಪ್ಪಿಸಿದ. ಈ ಕ್ಷಣದ ಕ್ರಯದಲ್ಲಿ ಕೊಳ್ಳುವವನ ಆಸೆಯೂ ಮಾರುವವನ ಆಸೆಯೂ ಸರಿತೂಗಿರುವುದರಿಂದ ಮುಂದಿನ ಹೆಜ್ಜೆ ಮೇಲಕ್ಕೋ ಕೆಳಕ್ಕೋ ಹೇಳಬರುವುದಿಲ್ಲ ಎಂಬುದು ಅವನ ವಾದ. ಅರ್ಧ ಶತಮಾನ ಅದನ್ನು ಬಹುಮಟ್ಟಿಗೆ ಯಾರೂ ಗಮನಿಸಲಿಲ್ಲ. 1953ರಲ್ಲಿ ಲಂಡನಿನ ಮಾರಿಸ್ ಕೆಂಡಲ್ ಎಂಬ ಸಂಖ್ಯಾಶಾಸ್ತ್ರಜ್ಞ ಬ್ರಿಟಿಷ್ ಷೇರುಗಳ, ಷಿಕಾಗೋದ ಗೋದಿಯ, ನ್ಯೂಯಾರ್ಕಿನ ಹತ್ತಿಯ ಹಳೆಯ ಕ್ರಯಗಳನ್ನು ಸಾಲಾಗಿಟ್ಟು ನೋಡಿದ. ಹಿಂದಿನ ವಾರದ ಏರಿಳಿತದಿಂದ ಮುಂದಿನ ವಾರದ್ದನ್ನು ಹೇಳುವ ಸೂತ್ರ ಅವನಿಗೆ ಹೆಚ್ಚುಕಡಮೆ ಎಲ್ಲಿಯೂ ದೊರೆಯಲಿಲ್ಲ. 1959ರಲ್ಲಿ ಷಿಕಾಗೋದ ಹ್ಯಾರಿ ರಾಬರ್ಟ್ಸ್, ಬರಿಯ ಯದೃಚ್ಛೆಯ ಅಂಕಿಗಳಿಂದಲೇ ಪೇಟೆಯ ಚಿತ್ರದಂಥ ಚಿತ್ರ ಮೂಡುತ್ತದೆಂದು ಬರೆದು ತೋರಿಸಿದ.

ಇದನ್ನು ಓದಿದ ಸಂಜೆ ಮಳೆ ಬಿಡದೆ ಸುರಿಯುತ್ತಿತ್ತು. ಜಗಲಿಯಲ್ಲಿ ಕುಳಿತು ಒಂದು ರೂಪಾಯಿಯ ನಾಣ್ಯವನ್ನು ನೂರು ಸಲ ಚಿಮ್ಮಿದೆ. ತಲೆ ಬಿದ್ದರೆ ಚೌಕದ ಹಾಳೆಯಲ್ಲಿ ಒಂದು ಮನೆ ಮೇಲೆ, ಬಾಲ ಬಿದ್ದರೆ ಒಂದು ಮನೆ ಕೆಳಗೆ. ಮುಂದಿನ ಭಾನುವಾರ ಅಳಿಯ ಬಂದಾಗ ಹಾಳೆಯನ್ನು ಅವನ ಮುಂದಿಟ್ಟೆ. ಅವನು ಬಗ್ಗಿ ನೋಡಿ, “ಇಲ್ಲಿ ಎರಡು ಸಲ ಇಳಿದು ಅದೇ ಜಾಗದಿಂದ ಎದ್ದಿದೆ. ಒಳ್ಳೆಯ ಆಧಾರ ಉಂಟು. ಇನ್ನು ಮೇಲಕ್ಕೇ. ಯಾವ ಕಂಪೆನಿ ಮಾವ?” ಎಂದ. ನಾಣ್ಯವನ್ನು ತೋರಿಸಿದೆ. ನಕ್ಕ, ಆದರೆ ಸೋಲಲಿಲ್ಲ. “ನಾಣ್ಯಕ್ಕೆ ಆಸೆ ಇಲ್ಲ, ಹೆದರಿಕೆ ಇಲ್ಲ. ಪೇಟೆಯಲ್ಲಿರುವ ಮನುಷ್ಯರಿಗೆ ಎರಡೂ ಉಂಟು.”

ಇದು ತಳ್ಳಿಹಾಕುವ ಮಾತಲ್ಲ. ವಿದ್ವಾಂಸರೂ ತಳ್ಳಿಹಾಕಿಲ್ಲ. 1992ರಲ್ಲಿ ಬ್ರಾಕ್, ಲಕೊನಿಷೊಕ್, ಲೆಬರಾನ್ ಎಂಬವರು 1897ರಿಂದ 1986ರವರೆಗಿನ ಡೌ ಸೂಚ್ಯಂಕದ ಮೇಲೆ 26 ಸರಳ ಸೂತ್ರಗಳನ್ನು ಹಚ್ಚಿನೋಡಿ, ಹಿಂದಿನ ಕ್ರಯಗಳಲ್ಲಿ ಮುಂದಿನದರ ಸುಳಿವು ಸ್ವಲ್ಪವಾದರೂ ಇತ್ತೆಂದು ಕಂಡರು. ಮರುವರ್ಷ ಜಗದೀಶ್ ಮತ್ತು ಟಿಟ್‌ಮನ್ ಎಂಬವರು, ಕಳೆದ ಕೆಲವು ತಿಂಗಳುಗಳಲ್ಲಿ ಚೆನ್ನಾಗಿ ಏರಿದ ಷೇರುಗಳು ಮುಂದಿನ ಕೆಲವು ತಿಂಗಳುಗಳಲ್ಲಿಯೂ ಸರಾಸರಿಯಲ್ಲಿ ಮುಂದಿರುತ್ತವೆ ಎಂದು ತೋರಿಸಿದರು. ಆದರೆ 1999ರಲ್ಲಿ ಸಲಿವನ್, ಟಿಮ್ಮರ್‌ಮನ್, ವೈಟ್ ಎಂಬವರು ಒಂದು ಸೂಕ್ಷ್ಮವನ್ನು ಎತ್ತಿ ಹೇಳಿದರು. ಸಾವಿರಾರು ಸೂತ್ರಗಳನ್ನು ಹಳೆಯ ಅಂಕಿಗಳ ಮೇಲೆ ಹಚ್ಚುತ್ತ ಹೋದರೆ ಅವುಗಳಲ್ಲಿ ಒಂದಾದರೂ ಹೊಂದಿಯೇ ಹೊಂದುತ್ತದೆ. ಹಾಗೆ ಹಿಂದಿನ ಕಾಲಕ್ಕೆ ಅತ್ಯುತ್ತಮವಾಗಿ ಹೊಂದಿದ ಸೂತ್ರ, 1987ರಿಂದಾಚೆಯ ಹತ್ತು ವರ್ಷಗಳಲ್ಲಿ ಫಲ ಕೊಡಲಿಲ್ಲ. ಕೀಲಿಕೈಗಳ ಗೊಂಚಲನ್ನೇ ಹಿಡಿದು ಬಂದವನು ಯಾವುದೋ ಒಂದರಿಂದ ಬೀಗ ತೆಗೆದರೆ, ಬೀಗದ ಮರ್ಮ ತಿಳಿದವನೆಂದು ಅವನನ್ನು ಹೊಗಳುವುದೆ?

ಅಂತೂ ಹಿಂದಿನ ಕ್ರಯದಲ್ಲಿ ಮಾತು ಇದೆ, ಆದರೆ ಪಿಸುಮಾತು. ಅದನ್ನು ಕೇಳಿಸಿಕೊಂಡವನು ದಲ್ಲಾಳಿ, ತೆರಿಗೆ, ಬಡ್ಡಿ ಎಲ್ಲವನ್ನೂ ಕೊಟ್ಟ ಮೇಲೆ ಉಳಿಯುವುದೇನು ಎಂಬುದೇ ಪ್ರಶ್ನೆ. ನಮ್ಮ ದೇಶದ ಲೆಕ್ಕವನ್ನು ಷೇರುಪೇಟೆಯ ನಿಯಂತ್ರಕ ಮಂಡಳಿಯಾದ ‘ಸೆಬಿ’ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2024ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯಾಪಾರ ಮಾಡಿದ ವ್ಯಕ್ತಿಗಳು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಎಲ್ಲರ ನಷ್ಟ ಕೂಡಿಸಿದರೆ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅವರೆಲ್ಲರೂ ಚಿತ್ರ ಓದಿಯೇ ಕೆಟ್ಟರೆಂದು ನಾನು ಹೇಳಲಾರೆ. ಆದರೆ ಚಿತ್ರಗಳು ಎಲ್ಲರ ಅಂಗೈಯಲ್ಲಿಯೂ ಇದ್ದವು.

ಪುಸ್ತಕದ ಓದನ್ನು ಇಲ್ಲಿಗೆ ಬಿಟ್ಟು, ಓದದೆಯೇ ಬಲ್ಲದ್ದಕ್ಕೆ ಬರುತ್ತೇನೆ. ಇದನ್ನು ಹೇಳುವುದು ಸುಲಭವಲ್ಲ.

ನಮ್ಮ ಕಡೆಯ ಗುಡ್ಡಗಳಲ್ಲಿ ರಬ್ಬರು ಹಬ್ಬಿದ್ದು ಕಳೆದ ಶತಮಾನದ ನಡುವಿನಿಂದೀಚೆಗೆ, ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿದ ಶ್ರಮಜೀವಿಗಳ ಕೈಯಿಂದ. ನಮ್ಮ ಮನೆಯ ಗುಡ್ಡದಲ್ಲಿ ಮಾತ್ರ ಗೇರುಮರಗಳಿದ್ದವು. 2009ರ ಆದಿಯಲ್ಲಿ ಕಿಲೋಗೆ ನೂರು ರೂಪಾಯಿಗಿಂತ ಕೆಳಗಿದ್ದ ರಬ್ಬರಿನ ಕ್ರಯ ತಿಂಗಳು ತಿಂಗಳು ಏರತೊಡಗಿತು. ತಂದೆಯವರ ಪುಸ್ತಕವನ್ನು ಮುಂದುವರಿಸಿದ್ದ ನಾನು ಅದನ್ನೂ ಬರೆದೆ. ಚೌಕದ ಹಾಳೆಯಲ್ಲಿ ಗೆರೆಯನ್ನೂ ಎಳೆದೆ. ಗೆರೆ ನೇರವಾಗಿ ಮೇಲಕ್ಕೆ ಹೋಗುತ್ತಿತ್ತು. 2010ರ ಬೇಸಗೆಯಲ್ಲಿ ಗೇರುಮರಗಳನ್ನು ಕಡಿಸಿ, ಬ್ಯಾಂಕಿನ ಸಾಲ ತೆಗೆದು, ಗುಡ್ಡವನ್ನೆಲ್ಲ ತಟ್ಟುಮಾಡಿಸಿ, ಮಳೆ ಹಿಡಿದೊಡನೆ ರಬ್ಬರ್ ಸಸಿ ಇಟ್ಟೆ. 2011ರ ಏಪ್ರಿಲಿನಲ್ಲಿ ಕ್ರಯ 240ರ ಆಸುಪಾಸಿಗೆ ಏರಿದಾಗ ನನ್ನ ದೂರದೃಷ್ಟಿಗೆ ನಾನೇ ಬೆರಗಾದೆ.

ರಬ್ಬರ್ ಮರ ಹಾಲು ಕೊಡಬೇಕಾದರೆ ಏಳು ವರ್ಷ ಬೇಕು. ನಾನು ನೋಡಿದ ಏರುಗೆರೆಯನ್ನು ಥಾಯ್ಲೆಂಡಿನವನೂ ವಿಯೆಟ್ನಾಮಿನವನೂ ನೋಡಿದ್ದರು. ನನಗಿಂತ ಮೊದಲೇ ನೋಡಿ, ನನಗಿಂತ ಮೊದಲೇ ನೆಟ್ಟಿದ್ದರು. ಅವರ ಮರಗಳು ಹಾಲು ಕೊಡತೊಡಗಿದವು. ಚೀನಾದ ಬೇಡಿಕೆಯ ವೇಗ ತಗ್ಗಿತು. 2014ರಲ್ಲಿ ಕಚ್ಚಾ ತೈಲದ ಬೆಲೆ ಬಿದ್ದು ಕೃತಕ ರಬ್ಬರು ಅಗ್ಗವಾಯಿತು. 2016ರ ಆದಿಯಲ್ಲಿ ಕ್ರಯ ಮತ್ತೆ ನೂರಕ್ಕಿಂತ ಕೆಳಗೆ ಇಳಿದಿತ್ತು. 2018ರಲ್ಲಿ ನನ್ನ ಮರಗಳಿಗೆ ಮೊದಲ ಕತ್ತಿ ಹಾಕಿದಾಗ ಅದು 2011ರ ಕ್ರಯದ ಸುಮಾರು ಅರ್ಧ. ಟ್ಯಾಪಿಂಗ್ ಕೂಲಿ ಮಾತ್ರ ಅರ್ಧವಾಗಿರಲಿಲ್ಲ. ಸಾಲ ತೀರಿಸಲು ಗುಡ್ಡದ ಅರ್ಧ ಭಾಗವನ್ನು ಮಾರಿದೆ. ನನ್ನ ತಂಗಿ ಚಿಕ್ಕಂದಿನಲ್ಲಿ ಗೇರುಬೀಜ ಹೆಕ್ಕಿದ ಜಾಗ ಅದು. ಅವಳು ಏನೂ ಅನ್ನಲಿಲ್ಲ. 2024ರ ಆಗಸ್ಟಿನಲ್ಲಿ ಕ್ರಯ 2011ರ ದಾಖಲೆಯನ್ನೂ ದಾಟಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಆ ಗುಡ್ಡದಲ್ಲಿ ಬೇರೊಬ್ಬರ ಆಳುಗಳು ಹಾಲು ತೆಗೆಯುತ್ತಿದ್ದರು.

ಗೆರೆ ಸುಳ್ಳು ಹೇಳಿರಲಿಲ್ಲ. ಆಗಿಹೋದದ್ದನ್ನು ಹೇಳಿತ್ತು; ಆಗುವುದನ್ನು ಹೇಳಿತೆಂದು ತಿಳಿದವನು ನಾನು.

ಈ ಹದಿನೈದು ದಿನಗಳಲ್ಲಿ ತಂದೆಯವರ ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಿದೆ. ಅಷ್ಟು ವರ್ಷ ನಾನು ಓದಿದ್ದು ನಡುವಿನ ಕ್ರಯದ ಸಾಲನ್ನು ಮಾತ್ರ. ಈಗ ಬಲಗಡೆಯ ಅಂಚನ್ನು ಓದಿದೆ. ‘ಆಟಿಯಲ್ಲಿ ಬಿಡುವಿಲ್ಲದ ಮಳೆ, ಕೊಳೆರೋಗ ಹೆಚ್ಚು.’ ‘ಬಂದರದ ಬಂಡಸಾಲೆಯವರು ಮಾಲು ಬೇಡವೆನ್ನುತ್ತಾರೆ.’ ‘ಹೊರದೇಶದ ಅಡಿಕೆ ನಿಂತಿತಂತೆ.’ ಕ್ರಯ ಏರಿದ ಕಡೆ, ಇಳಿದ ಕಡೆ, ಎಲ್ಲೆಲ್ಲಿಯೂ ಕಾರಣವನ್ನು ಹುಡುಕಿದ್ದಾರೆ. ಕಾರಣ ತಿಳಿಯದಿದ್ದಲ್ಲಿ ಜಾಗವನ್ನು ಖಾಲಿ ಬಿಟ್ಟಿದ್ದಾರೆ.

ಅಡಿಕೆಯ ಇತಿಹಾಸದ ದೊಡ್ಡ ತಿರುವುಗಳೆಲ್ಲ ಆ ಅಂಚಿಗೆ ಸೇರತಕ್ಕವೇ. 1970ರ ದಶಕದ ಆರಂಭದಲ್ಲಿ ಕ್ರಯ ಕುಸಿದು ಬೆಳೆಗಾರರು ಕಂಗೆಟ್ಟರು. ಇನ್ನು ಎಷ್ಟು ಇಳಿದೀತೆಂದು ಗೆರೆ ಎಳೆಯುತ್ತ ಕುಳಿತುಕೊಳ್ಳದೆ, ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಅವರ ಸಂಗಡಿಗರು 1973ರ ಜುಲೈ 11ರಂದು ಮಂಗಳೂರಿನಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಕ್ರಯವನ್ನು ಊಹಿಸುವುದು ಬೇರೆ, ಕ್ರಯಕ್ಕೆ ಒಂದು ನೆಲಗಟ್ಟು ಹಾಕುವುದು ಬೇರೆ. ಮುಂದೆ ಕೋಕೋ ಬೆಳೆದವರು ಕಷ್ಟಕ್ಕೆ ಸಿಕ್ಕಾಗಲೂ ಅದೇ ಸಂಸ್ಥೆ ಖರೀದಿಗಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2012ರಿಂದೀಚೆಗೆ ರಾಜ್ಯ ರಾಜ್ಯಗಳಲ್ಲಿ ಗುಟ್ಕಾ ನಿಷೇಧ. 2017ರಲ್ಲಿ ಆಮದು ಅಡಿಕೆಗೆ ಕಿಲೋಗೆ 251 ರೂಪಾಯಿ, 2023ರಲ್ಲಿ 351 ರೂಪಾಯಿ ಎಂಬ ಕನಿಷ್ಠ ಬೆಲೆ. ನಡುವೆ 2020ರ ಕೊರೋನಾ ಲಾಕ್‌ಡೌನ್, ಮರುವರ್ಷ 500 ರೂಪಾಯಿ ಮುಟ್ಟಿದ ಚಾಲಿ. ಇವುಗಳಲ್ಲಿ ಯಾವುದನ್ನು ಅದರ ಹಿಂದಿನ ವಾರದ ಕ್ರಯ ಹೇಳಿತ್ತು?

ಭಾನುವಾರ ಅಳಿಯನಿಗೆ ಕೊಟ್ಟ ಉತ್ತರ ಇಷ್ಟು. ಅಜ್ಜ ಮಾಡಿದ್ದೂ ನೀನು ಮಾಡುವುದೂ ಒಂದೇ ಅಲ್ಲ. ಅವರ ಕೈಯಲ್ಲಿ ಅಡಿಕೆ ಇತ್ತು. ಬೆಚ್ಚಗಿಟ್ಟರೆ ಚಾಲಿ ವರ್ಷಗಟ್ಟಲೆ ನಿಲ್ಲುತ್ತದೆ. ಹಳೆಯದಾದಷ್ಟು ಪೇಟೆಯಲ್ಲಿ ಮನ್ನಣೆಯೂ ಉಂಟು. ನಿನ್ನ ಆಪ್ಷನಿಗೆ ವಾಯಿದೆಯ ದಿನವೇ ಮರಣ. ಅವರು ಹಳೆಯ ಕ್ರಯವನ್ನು ನೋಡುತ್ತಿದ್ದುದು ಇಂದಿನದು ತೀರ ಅನ್ಯಾಯದ್ದೋ ಅಲ್ಲವೋ ಎಂದು ತಿಳಿಯಲಿಕ್ಕೆ. ಮಾರುವಾಗಲೂ ಒಂದೇ ಸಲ ಮಾರದೆ, ಮೂರು ಪಾಲು ಮಾಡಿ ಮೂರು ಕಾಲಗಳಲ್ಲಿ ಮಾರುತ್ತಿದ್ದರು. ನಾಳೆಯದು ತನಗೆ ತಿಳಿಯದು ಎಂದು ಒಪ್ಪಿಕೊಂಡವನು ಮಾಡುವ ಕೆಲಸ ಅದು. ಕ್ರಯದ ಮೇಲಿನ ನಂಬಿಕೆಯಿಂದ ಅವರು ಸಾಲ ಮಾಡಲಿಲ್ಲ. ಸಾಲ ಮಾಡಿದವನು ನಾನು.

ಅವನು ತಲೆತಗ್ಗಿಸಿ ಕೇಳಿದ. ಕೊನೆಗೆ, “ನೀವು ಸೋತದ್ದು ಮರ ನೆಟ್ಟದ್ದರಿಂದ ಮಾವ. ನನಗೆ ಒಂದು ನಿಮಿಷದಲ್ಲಿ ಹೊರಗೆ ಬರಲಿಕ್ಕಾಗುತ್ತದೆ,” ಎಂದ. “ಎರಡು ವರ್ಷದಲ್ಲಿ ಎಷ್ಟು ಸಲ ಹಾಗೆ ಹೊರಗೆ ಬಂದೆ?” ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಜಾಮೀನಿಗೆ ನಾನು ಸಹಿ ಹಾಕಲಿಲ್ಲ.

ಅನಂತರ ಎರಡು ತಿಂಗಳು ಅವನು ನಮ್ಮ ಮನೆಗೆ ಬರಲಿಲ್ಲ. ತಂಗಿ ಫೋನು ಮಾಡಿದಾಗ ಮಳೆಯ ಮಾತು, ಕೊಳೆರೋಗದ ಮಾತು ಆಡಿದಳೇ ಹೊರತು ಅದರ ವಿಷಯ ಎತ್ತಲಿಲ್ಲ. ನಾನು ಮಾಡಿದ್ದು ಸರಿಯೋ, ಹೆದರಿದವನ ಹಟವೋ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ದೀಪಾವಳಿಯ ಮರುದಿನ ಅವನು ಬಂದ. ಸಾಲದ ವಿಚಾರ ಆಡಲಿಲ್ಲ. ವ್ಯಾಪಾರ ಬಿಟ್ಟೆನೆಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಫಿ ಕುಡಿದು, ಮೇಜಿನ ಮೇಲಿನ ಪುಸ್ತಕವನ್ನು ತೆರೆದು ಬಹಳ ಹೊತ್ತು ಪುಟ ತಿರುವಿದ. ಹೊರಡುವಾಗ ಅಂಗಳದಲ್ಲಿ ನಿಂತು, “ಮಾವ, ಹಳೆ ಚಾಲಿ ಸ್ವಲ್ಪ ಉಳಿದಿದೆ. ಎಲ್ಲ ಒಟ್ಟಿಗೆ ಕೊಡುವುದು ಬೇಡ ಅಲ್ಲವೆ?” ಎಂದು ಕೇಳಿದ.

“ಬೇಡ,” ಎಂದೆ. “ಮೂರು ಪಾಲು ಮಾಡು.”